ಎಡಕ್ಕೆ ಎಳೆಯುವ ಲಾರಿ

ಮೂರನೇ ಡ್ರೈವರ್ ಕೂಡ ಕೆಲಸ ಬಿಟ್ಟ ದಿನ ಶ್ರೀರಂಜನಿ ಲಾರಿಯನ್ನು ತಾನೇ ಓಡಿಸಿಕೊಂಡು ಕೊಪ್ಪದ ನನ್ನ ಗ್ಯಾರೇಜಿಗೆ ಬಂದಳು. ೨೦೦೬ರ ಡಿಸೆಂಬರ್. ಬೆಳಿಗ್ಗೆ ಒಂಬತ್ತಾದರೂ ಮಂಜು ಕರಗಿರಲಿಲ್ಲ. ಮೊದಲು ಎರಡು ಹೆಡ್‌ಲೈಟ್ ಕಂಡವು, ಆಮೇಲೆ ಅವಳ ಮುಖ.

ಕೆಲಸ ಬಿಟ್ಟ ಡ್ರೈವರ್ ಮಲ್ಲೇಶಪ್ಪ ಪಕ್ಕದ ಸೀಟಿನಿಂದ ಇಳಿದು ನನ್ನ ಕಿವಿಯ ಹತ್ತಿರ ಬಂದ.

“ಶಿಶಿರ, ಸ್ಟಿಯರಿಂಗ್ ಮೇಲೆ ಇನ್ನೊಂದು ಕೈ ಇದೆ ಮಾರಾಯ. ನಾವು ಬಲಕ್ಕೆ ತಿರುಗಿಸಿದ್ರೆ ಅದು ಎಡಕ್ಕೆ ಎಳೀತದೆ.”

“ಗಾಳಿ ನೋಡಿದ್ಯಾ?”

“ಯಾವ ಗಾಳಿ?”

“ಟೈರಿಂದು.”

ಅವನು ನನ್ನನ್ನು ಮರುಕದಿಂದ ನೋಡಿ ಬಸ್‌ಸ್ಟ್ಯಾಂಡ್ ಕಡೆ ಹೋದ.

ಲಾರಿ ಅವಳ ಗಂಡ ಹರಿಹರನದು. ಶೆಟ್ಟಿಕೊಪ್ಪದಿಂದ ಶೃಂಗೇರಿ ದಾಟಿ ಕೆರೆಕಟ್ಟೆಯವರೆಗೆ ದನಗಳ ಹಿಂಡಿ ಮೂಟೆ ಸಾಗಿಸುತ್ತಿದ್ದ. ವರ್ಷದ ಹಿಂದೆ ಕೆರೆಕಟ್ಟೆ ರಸ್ತೆಯಲ್ಲಿ ಅವನಿಗೆ ಎದೆನೋವು ಬಂತು. ಭೂತಪ್ಪನ ಕಟ್ಟೆಯ ಪಕ್ಕಕ್ಕೆ ಲಾರಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಸೀಟಿನಲ್ಲೇ ಸತ್ತ. ಎರಡು ಗಂಟೆಯ ಮೇಲೆ ಜನ ನೋಡಿದಾಗಲೂ ಎಡಗಡೆಯ ಇಂಡಿಕೇಟರ್ ಮಿನುಗುತ್ತಲೇ ಇತ್ತಂತೆ.

ಗ್ಯಾರೇಜಿನಲ್ಲಿ ಎಲ್ಲರೂ ಅವಳನ್ನು ಅಕ್ಕ ಎನ್ನುತ್ತಾರೆ. ನಾನು ಒಮ್ಮೆಯೂ ಅಂದಿಲ್ಲ.

“ಮುಖಕ್ಕೆ ಗ್ರೀಸ್ ಹತ್ತಿದೆ,” ಎಂದಳು.

“ಎಲ್ಲಿ?”

“ಎಲ್ಲಿ ಹತ್ತಿಲ್ಲ ಅಂತ ಕೇಳಿ. ಬೇಗ ಹೇಳ್ಬಹುದು.”

ಅವಳು ನಕ್ಕರೆ ಒಂದು ಹುಬ್ಬು ಮಾತ್ರ ಮೇಲೇರುತ್ತದೆ. ಅದನ್ನು ನೋಡುತ್ತಾ ನಿಂತದ್ದು ಅವಳಿಗೆ ತಿಳಿಯಿತು. ಹುಬ್ಬು ಇನ್ನಷ್ಟು ಏರಿತು.

“ಬ್ರೇಕ್ ಒಂದು ನೋಡಿ ಕೊಡಿ, ಸಾಕು. ಲೈಸೆನ್ಸ್ ಬಂದಿದೆ. ನಾಳೆಯಿಂದ ನಾನೇ ಓಡಿಸ್ತೀನಿ.”

“ಎಡಕ್ಕೆ ಎಳೆಯೋದು?”

“ಅದು ಇರ್ಲಿ.”

“ಇರ್ಲಿ ಅಂದ್ರೆ ಎಂತದು? ಆ ರಸ್ತೆಯಲ್ಲಿ ಎಡಕ್ಕೆ ಕಂದಕ.”

“ಗೊತ್ತು,” ಎಂದಳು. ನಗು ಹೋಗಿತ್ತು.

ನಾನು ಬಿಡಲಿಲ್ಲ. ಗಾಳಿ ಎರಡೂ ಕಡೆ ಸಮ ಇತ್ತು. ಮುಂದಿನ ಟೈರುಗಳನ್ನು ಅದಲುಬದಲು ಮಾಡಿ, ಅವಳನ್ನು ಪಕ್ಕಕ್ಕೆ ಕೂರಿಸಿಕೊಂಡು ಕೆರೆಕಟ್ಟೆ ಕಡೆ ಹೊರಟೆ. ಟೈರಿನ ದೋಷವಾಗಿದ್ದರೆ ಎಳೆತ ಬದಲಾಗಬೇಕಿತ್ತು. ಆಗಲಿಲ್ಲ. ಶೃಂಗೇರಿ ದಾಟಿ ನಿಲ್ಲಿಸಿ ಒಂದೊಂದೇ ಚಕ್ರದ ಡ್ರಮ್ ಮುಟ್ಟಿದೆ. ಬ್ರೇಕ್ ಹಿಡಿದುಕೊಂಡ ಚಕ್ರ ಸುಡುತ್ತದೆ. ಇಲ್ಲಿ ಎಲ್ಲವೂ ಒಂದೇ ಸಮ ಬೆಚ್ಚಗೆ.

ಕಾಡು ಶುರುವಾಯಿತು. ಹತ್ತು ಮಾರಿನಾಚೆ ರಸ್ತೆ ಕಾಣುತ್ತಿರಲಿಲ್ಲ. ನೇರ ದಾರಿ ಸಿಕ್ಕ ಕಡೆ ನಿಧಾನ ಮಾಡಿ, ಲಾರಿಯನ್ನು ರಸ್ತೆಯ ಬಲಬದಿಗೆ ತಂದು ಸ್ಟಿಯರಿಂಗಿನಿಂದ ಕೈ ಎತ್ತಿದೆ. ಆ ಬದಿಯಲ್ಲಿ ನೆಲ ಬಲಕ್ಕೆ ಇಳಿಜಾರು, ಲಾರಿ ಬಲಕ್ಕೇ ಸರಿಯಬೇಕು.

ಸ್ಟಿಯರಿಂಗ್ ತಾನಾಗಿ, ಅವಸರವಿಲ್ಲದೆ, ಎಡಕ್ಕೆ ತಿರುಗಿತು. ದಾರಿ ಬಲ್ಲವನು ತಿರುಗಿಸಿದ ಹಾಗೆ. ಮಂಜಿನೊಳಗಿಂದ ಭೂತಪ್ಪನ ಕಲ್ಲುಕಟ್ಟೆ ಎದುರಿಗೇ ಬಂತು.

“ಬಂದ್ರು,” ಎಂದಳು ಶ್ರೀರಂಜನಿ. ನನಗೆ ಹೇಳಿದ್ದಲ್ಲ.

ಬ್ರೇಕ್ ಒತ್ತಿದೆ.

“ಇನ್ನೂ ಮುಂದೆ. ಎಡಚಕ್ರ ಕಲ್ಲಿನ ಮೇಲೆ ಹತ್ತಿಸಿ. ಇಲ್ದಿದ್ರೆ ಬಸ್ಸಿಗೆ ಜಾಗ ಸಾಲಲ್ಲ. ಪ್ರತಿ ಟ್ರಿಪ್ಪಿಗೂ ನಾನು ಡ್ರೈವರ್ ಜೊತೆ ಬರೋದು, ಹಾಗೇ ನಿಲ್ಸೋದು.”

“ಯಾಕೆ ನಿಲ್ಸೋದು?”

“ನಮ್ಮನೆಯವ್ರಿಗೆ ಬೀಡಿ ಇಡ್ಬೇಕಲ್ಲ.”

ಇಳಿದು ಹೋಗಿ ಬೀಡಿ ಹಚ್ಚಿ ಕಟ್ಟೆಯ ಮೇಲಿಟ್ಟಳು. ಗಾಳಿ ಇರಲಿಲ್ಲ. ಹೊಗೆ ನೆಟ್ಟಗೆ ಏರಿತು, ಒಮ್ಮೆ ನಿಂತಿತು, ಮತ್ತೆ ಏರಿತು. ಯಾರೋ ಎಳೆದು ಬಿಟ್ಟಂತೆ. ನಾನು ಕಣ್ಣು ತೆಗೆದು ಕಲ್ಲಿನ ಅಂಚು ನೋಡಿದೆ. ಅದು ಒಡೆದಿತ್ತು, ಟೈರ್ ಉಜ್ಜಿ ಕಪ್ಪಾಗಿತ್ತು.

“ಬೀಡಿ ಇಡೋಕೆ ಶುರು ಮಾಡಿದ್ದು ಯಾವಾಗ?”

“ಅವ್ರ ವೈಕುಂಠ ಸಮಾರಾಧನೆ ಮುಗಿದ ಮೇಲೆ.”

“ಲಾರಿ ಎಳೆಯೋಕೆ ಶುರುವಾಗಿದ್ದು?”

“ಅದಾಗಿ ಎರಡು ತಿಂಗಳಿಗೆ. ಯಾಕೆ?”

ಕ್ಯಾಬಿನ್‌ನಿಂದ ಹಗ್ಗ ತಂದೆ. ಬಲಗಡೆ ಮುಂದಿನ ಚಕ್ರದ ನಡುವಿನಿಂದ ಹಿಂದಿನದರ ನಡುವಿಗೆ ಅಳೆದು ಗಂಟು ಹಾಕಿದೆ. ಎಡಗಡೆ ಅದೇ ಹಗ್ಗ ಮೂರು ಬೆರಳು ಹೆಚ್ಚಾಯಿತು. ಕೆಳಗೆ ನುಗ್ಗಿ ನೋಡಿದೆ.

“ಸ್ಪ್ರಿಂಗ್ ಪ್ಲೇಟಿನ ನಡುವಿನ ಬೋಲ್ಟ್ ತುಂಡಾಗಿದೆ. ಅದು ಹಿಡಿದಿಡಬೇಕಾದ ಮುಂದಿನ ಆಕ್ಸಲ್ ಎಡಗಡೆ ಹಿಂದೆ ಸರಿದಿದೆ. ಎಳೆಯೋದು ಅದಕ್ಕೇ.”

“ಯಾಕೆ ತುಂಡಾಯ್ತು?”

ಸುಳ್ಳು ಹೇಳಬಹುದಿತ್ತು.

“ಈ ಕಲ್ಲಿಗೆ ಗುದ್ದಿ ಗುದ್ದಿ.”

ಅವಳು ಕಟ್ಟೆಯನ್ನು ನೋಡಿದಳು, ಚಕ್ರವನ್ನು ನೋಡಿದಳು. ಅರ್ಥವಾಯಿತು. ಗಂಡನಿಗಾಗಿ ನಿಂತು ನಿಂತು ಲಾರಿಗೆ ಆ ಚಾಳಿ ಹಿಡಿಸಿದವಳು ಅವಳೇ.

“ಅವ್ರು ಇನ್ನೂ ಸ್ಟಿಯರಿಂಗ್ ಬಿಟ್ಟಿಲ್ಲ ಅಂದ್ಕೊಂಡು ವರ್ಷ ಕಳೆದೆ. ನೀವು ಬೋಲ್ಟ್ ಅಂತೀರಿ.”

“ಬೋಲ್ಟೇ.”

“ಸರಿ ಮಾಡ್ಬೇಡಿ.”

“ಮಾಡದೆ ಕೀ ಕೊಡಲ್ಲ.”

“ಲಾರಿ ನಿಮ್ಮದಲ್ಲ.”

“ಲಾರಿ ಏನಾದ್ರೂ ಆಗ್ಲಿ. ಅದ್ರಲ್ಲಿ ಕೂರೋರು ನೀವು.”

ನನ್ನ ಕಡೆ ತಿರುಗಿದಳು. ಹುಬ್ಬು ಏರಲಿಲ್ಲ.

“ಅಕ್ಕ ಅನ್ನದೇ ಇದ್ದಿದ್ದು ಇದಕ್ಕಾ?”

“ಹೌದು.”

ಕೊಪ್ಪದಲ್ಲಿ ಅವಳು ಇಳಿದು ಬಸ್ಸು ಹತ್ತಿ ಹೋದಳು. ನಾಲ್ಕು ದಿನ ಕೀ ನನ್ನ ಜೇಬಿನಲ್ಲಿತ್ತು. ಅವಳು ಇನ್ನು ಬರುವುದಿಲ್ಲ, ಲಾರಿಗೆ ಬೇರೆ ಯಾರನ್ನೋ ಕಳಿಸುತ್ತಾಳೆ ಎಂದುಕೊಂಡೆ.

ಐದನೇ ದಿನ ಅವಳೇ ಬಂದಳು. “ಮಾಡಿ. ನಾನು ಎದುರಿಗೆ ಇರ್ತೀನಿ.”

ಎರಡು ತುಂಡಾದ ಬೋಲ್ಟ್ ತೆಗೆದು ಕೈಗಿಟ್ಟೆ. ಮುರಿದ ಜಾಗ ತುಕ್ಕು ಹಿಡಿದಿತ್ತು.

“ಇಷ್ಟೇನಾ?”

“ಇಷ್ಟೇ.”

ಹೊಸದು ಹಾಕಿ, ಹಗ್ಗ ಹಿಡಿದು ಎರಡೂ ಕಡೆ ಸಮ ಮಾಡಿ ಹೊರಟೆವು. ಅವಳು ಓಡಿಸಿದಳು, ನಾನು ಪಕ್ಕದಲ್ಲಿ ಕೂತೆ. ಅವತ್ತೂ ಮಂಜು. ಕಟ್ಟೆ ಹತ್ತಿರವಾದಾಗ ವೇಗ ತಗ್ಗಿಸಿ ಎರಡೂ ಕೈ ಎತ್ತಿದಳು. ಲಾರಿ ನೇರ ಹೋಯಿತು. ಕಟ್ಟೆ ನನ್ನ ಕಿಟಕಿಯ ಪಕ್ಕ ಬಂದು ಹಿಂದೆ ಉಳಿಯಿತು.

ನಲವತ್ತು ಅಡಿ ಮುಂದೆ ನಿಲ್ಲಿಸಿ, ಇಳಿದು ಹಿಂದಕ್ಕೆ ನಡೆದಳು. ಮಂಜು ಅವಳನ್ನು ನುಂಗಿತು.

ಸ್ವಲ್ಪ ಹೊತ್ತಿಗೆ ಅವಳ ಮಾತು ಕೇಳಿತು. ಪದಗಳು ತಿಳಿಯಲಿಲ್ಲ. ಮಾತು ನಿಂತಿತು. ಮತ್ತೆ ಶುರುವಾಯಿತು, ಮತ್ತೆ ನಿಂತಿತು. ನಡುವಿನ ಮೌನ ಪ್ರತಿ ಸಲವೂ ಎದುರಿಗಿದ್ದವರು ಉತ್ತರ ಕೊಡುವಷ್ಟೇ ಉದ್ದ. ದೆವ್ವವನ್ನು ನಾನು ನಂಬುವವನಲ್ಲ. ಆದರೂ ಕಿಟಕಿಯ ಗಾಜು ಏರಿಸಿದೆ.

ಕಾಲು ಗಂಟೆಯ ಮೇಲೆ ನನ್ನ ಕಡೆಯ ಬಾಗಿಲು ತೆರೆಯಿತು.

“ಆ ಕಡೆ ಸರ್ಕೊಳ್ಳಿ. ನೀವೇ ಓಡ್ಸಿ, ನಂಗೆ ಕಣ್ಣು ಕಾಣ್ತಿಲ್ಲ.”

ಸರಿದೆ. ಅವಳು ಹತ್ತಿ ಕೂತು ವೇಲಿನಿಂದ ಮುಖ ಒರೆಸಿಕೊಂಡಳು.

“ಏನಂದ್ರು?” ತಮಾಷೆಗೆ ಕೇಳಬೇಕೆಂದಿದ್ದೆ. ದನಿ ಹಾಗೆ ಬರಲಿಲ್ಲ.

“ಹೆಸರು ಕೇಳಿದ್ರು.”

“ಯಾರದ್ದು?”

“ನಿಮ್ಮದು,” ಎಂದಳು. “ಹೇಳ್ದೆ.”