ನಡುಮನೆಯ ಗೋಡೆಗೆ ಸಿಮೆಂಟು

"ಬ್ಯಾರೆ ಗೋಡೆಗೆ ಏನಾರ ಮೆತ್ಕಳಿ ಅಳಿಯಂದ್ರೇ, ನಾ ಬ್ಯಾಡ ಅನ್ನಾಕಿಲ್ಲ. ನಡುಮನೆ ಗೋಡೆಗೆ ಮಾತ್ರ ಸಿಮೆಂಟ್ ಮುಟ್ಟುಸ್ಬ್ಯಾಡಿ."

ಪಕ್ಕದ ಮನೆಯ ಲಕ್ಕಣ್ಣ ಇಷ್ಟು ಹೇಳಿ ಹೊಸ್ತಿಲ ಹೊರಗೇ ನಿಂತ. ಎಂಬತ್ತು ದಾಟಿದ ಈ ಮುದುಕ ಒಂದು ದಿನವೂ ಆ ಹೊಸ್ತಿಲು ತುಳಿದವನಲ್ಲ. ಧರ್ಮೇಂದ್ರ ನಕ್ಕುಬಿಟ್ಟ. ಹಾಸನದಲ್ಲಿ ಹದಿನೈದು ವರ್ಷದಿಂದ ಮನೆ ಕಟ್ಟಿಸುವ ಕಂಟ್ರಾಕ್ಟರ್ ಅವನು. ಸಿಮೆಂಟಿನಿಂದ ವಾಸಿಯಾಗದ ಕಾಯಿಲೆ ಯಾವ ಗೋಡೆಗೂ ಇಲ್ಲ ಎಂದು ನಂಬಿದ್ದ ಮಹಾಶಯ.

ಮನೆ ಇದ್ದದ್ದು ಮಲ್ಲಿಪಟ್ಟಣದಿಂದ ಒಳಗೆ ಮೂರು ಮೈಲಿ. ಧರ್ಮೇಂದ್ರನ ಹೆಂಡತಿ ಯಮುನಾಳಿಗೆ ಅವಳ ಸೋದರತ್ತೆ ಗಂಗಾಂಬಿಕೆಯಿಂದ ಬಂದದ್ದು. ಮಕ್ಕಳಿಲ್ಲದ ಗಂಗಾಂಬಿಕೆ ಹೋದ ವರ್ಷ ತೀರಿಕೊಂಡ ಮೇಲೆ ಆ ವಂಶದಲ್ಲಿ ಉಳಿದವಳು ಯಮುನಾ ಒಬ್ಬಳೇ. ಊರಿನ ಮೇಷ್ಟ್ರು ರವೀಶ್ ಮನೆ ಕೊಳ್ಳಲು ಸಿದ್ಧವಿದ್ದರು, ಆದರೆ ಬ್ಯಾಂಕಿನ ಸಾಲ ಸಿಗಬೇಕಿತ್ತು. ಮೂರು ಬ್ಯಾಂಕಿನವರು ಬಂದರು. ಮುದ್ದೆ ಮಣ್ಣಿನ ಗೋಡೆ, ನಾಡಹೆಂಚು, ಪಿಲ್ಲರಿಲ್ಲ, ಬೀಮಿಲ್ಲ. ಗೋಡೆಗೆ ಬೆರಳು ಒತ್ತಿದರು, ಉದುರಿದ ಮಣ್ಣು ನೋಡಿದರು, ಯಮುನಾ ಕೊಟ್ಟ ಕಾಫಿ ಕುಡಿದು ಹೋದರು. ನಾಲ್ಕನೆಯ ಬ್ಯಾಂಕಿನ ಇಂಜಿನಿಯರ್ ಶಶಿಕುಮಾರ್ ಬುಧವಾರ ಹನ್ನೊಂದು ಗಂಟೆಗೆ ಬರುವವರಿದ್ದರು. ಅಷ್ಟರೊಳಗೆ ಮಣ್ಣು ಕಾಣದಂತೆ ಪ್ಲಾಸ್ಟರ್ ಮಾಡಿಸಿ ಬಣ್ಣ ಬಳಿದರೆ ಮುಗಿಯಿತು ಎಂಬುದು ಧರ್ಮೇಂದ್ರನ ಲೆಕ್ಕಾಚಾರ.

"ಯಾಕೆ ಮುಟ್ಟಿಸ್ಬಾರ್ದು, ಗೋಡೆಗೆ ಕೋಪ ಬರುತ್ತಾ?" ಎಂದು ಕೆಣಕಿದ.

ಲಕ್ಕಣ್ಣ ನಗಲಿಲ್ಲ. "ನಿಮ್ಮೆಂಡ್ತಿ ಮುತ್ತಾತ ಈ ಮನೆ ಕಟ್ಟುವಾಗ ತಮ್ಮನ್ಗೆ ಪಾಲು ಕೊಡ್ಬಾರ್ದು ಅಂತ ಮಾಟ ಮಾಡುಸ್ದ. ತಮ್ಮನ ಕಾಲಡಿ ಮಣ್ಣು, ಕೂದ್ಲು, ಉಗುರು ತಂದು ಆ ಗೋಡೆ ಮಣ್ಣಿಗೆ ಸೇರ್ಸಿ ತುಳಿಸ್ದ. ಗೋಡೆ ಏಳ್ತಾ ಏಳ್ತಾ ಅವನ ಉಸ್ರು ಕಟ್ತಾ ಬಂತು. ಸತ್ತೋದ. ಅವನೆಂಡ್ತಿ ಬಂದು ಅಸಿ ಗೋಡೆಗೆ ಕೈಯಿಟ್ಟು ಶಾಪ ಆಕುದ್ಲು. ನನ್ ಗಂಡನ ಉಸ್ರು ಇದ್ರೊಳಗೈತೆ, ಇದ್ರ ಉಸ್ರು ಕಟ್ಟಿದ್ ದಿನ ನಿಮ್ಮ ವಂಶದ ಉಸ್ರು ಕಟ್ಲಿ ಅಂತ. ಅದುಕ್ಕೇ ಗಂಗಾಂಬಿಕಮ್ಮ ಸಾಯೋಗಂಟ ಕೆಮ್ಮಣ್ಣು, ಸಗಣಿ ಬಿಟ್ಟು ಇನ್ನೇನೂ ಬಳೀಲಿಲ್ಲ. ಕೆಡವಾಕೂ ಓಗ್ಬ್ಯಾಡಿ. ಗೋಡೆ ಬಿದ್ರೆ ಒಳಗಿರೋನು ಎದ್ ಬತ್ತಾನೆ."

"ಬಂದ್ರೆ ಕಾಫಿ ಕೊಡ್ತೀವಿ ಬಿಡಿ" ಎಂದ ಧರ್ಮೇಂದ್ರ.

ಶನಿವಾರ ಗಾರೆ ಕೆಲಸದವರು ಬಂದರು. ಮಣ್ಣಿನ ಮೇಲೆ ಸಿಮೆಂಟು ನಿಲ್ಲುವುದಿಲ್ಲವೆಂದು ಗೋಡೆಯುದ್ದಕ್ಕೂ ತಂತಿಯ ಜಾಲರಿ ಹೊದಿಸಿ, ಗೇಣುದ್ದದ ಮೊಳೆ ಬಡಿಸಿದ ಧರ್ಮೇಂದ್ರ. ಮೊದಲ ಮೊಳೆ ಇಳಿದಾಗ ಸಂದಿನಿಂದ ಗಾಳಿ ಬಂತು. ಹಸಿ ಮಣ್ಣಿನ ವಾಸನೆ, ಅದರ ಹಿಂದೆಯೇ ಬೆಳಗಿನ ತೊಳೆಯದ ಬಾಯಿಯ ವಾಸನೆ. ಗಾರೆಯವನು ಕೈ ಹಿಂದಕ್ಕೆಳೆದುಕೊಂಡ.

"ಸಾ, ಗೋಡೆ ಬಿಸಿಗೈತೆ. ಜ್ವರ ಬಂದ ಮೈ ಮುಟ್ದಂಗಾಯ್ತದೆ."

"ಬಿಸಿಲಿಗೆ ಕಾದಿರುತ್ತೆ. ಬಡಿ" ಎಂದ ಧರ್ಮೇಂದ್ರ. ನಡುಮನೆಯ ಗೋಡೆಗೆ ಬಿಸಿಲು ಬೀಳುವುದಿಲ್ಲ ಎಂಬುದು ಅವನಿಗೆ ಹೊಳೆಯಲೇ ಇಲ್ಲ. ಭಾನುವಾರ ಸಂಜೆಗೆ ಗೋಡೆ ಬೂದುಬಣ್ಣಕ್ಕೆ ತಿರುಗಿ ನುಣ್ಣಗಾಗಿತ್ತು.

ಸೋಮವಾರ ಬೆಳಿಗ್ಗೆ ಯಮುನಾ ಹಾಲು ಕಾಯಿಸುತ್ತಿದ್ದವಳು ಒಲೆಯ ಮುಂದೆಯೇ ಕೂತುಬಿಟ್ಟಳು. "ರೀ, ಉಸಿರು ಸಾಲ್ತಿಲ್ಲ" ಎಂದಳು. ಅರಕಲಗೂಡಿನ ಆಸ್ಪತ್ರೆಯಲ್ಲಿ ಬೆರಳಿಗೆ ಯಂತ್ರ ಸಿಕ್ಕಿಸಿ ನೋಡಿದರು, ಎದೆಯ ಚಿತ್ರ ತೆಗೆದರು. ಏನೂ ತೊಂದರೆಯಿಲ್ಲ, ಸಿಮೆಂಟಿನ ಧೂಳು ಆಗಿರಬೇಕು ಎಂದರು. ಧರ್ಮೇಂದ್ರನಿಗೆ ಸಮಾಧಾನವಾಯಿತು. ಅವನ ಎದೆ ಮಾತ್ರ ಆರಾಮಾಗಿ ಏಳುತ್ತಿತ್ತು, ಇಳಿಯುತ್ತಿತ್ತು. ಅವನು ಆ ವಂಶದವನಲ್ಲವಲ್ಲ.

ಮಂಗಳವಾರ ಗೋಡೆಯೆಲ್ಲ ಒಣಗಿದರೂ ನಡುವೆ ತಟ್ಟೆಯಗಲದ ಜಾಗ ಒದ್ದೆಯಾಗಿಯೇ ಉಳಿಯಿತು. ಬಣ್ಣ ಬಳಿದರೂ ಎದ್ದು ಕಾಣುತ್ತಿತ್ತು. ಯಮುನಾ ಚಾಪೆಯ ಮೇಲಿಂದ ಅದನ್ನೇ ನೋಡುತ್ತಿದ್ದಳು. ಅವಳು ಕಷ್ಟಪಟ್ಟು ಉಸಿರೆಳೆದಾಗಲೆಲ್ಲ ಆ ಜಾಗ ಒಳಕ್ಕೆ ಸರಿಯುತ್ತಿತ್ತು. ಧರ್ಮೇಂದ್ರನೂ ನೋಡಿದ. ಆದರೂ ನೆರಳಿನಾಟ ಎಂದುಕೊಂಡ, ಒಪ್ಪಿಕೊಳ್ಳಲು ಅವನಿಗೆ ನಾಚಿಕೆ.

ಬುಧವಾರ ಹತ್ತು ಗಂಟೆಗೆ ಅವಳ ತುಟಿ ನೀಲಿಗಟ್ಟಿತ್ತು. ಅವನ ಅಂಗಿ ಹಿಡಿದು ಎಳೆದಳು.

"ಗೋಡೆ... ಬಿಚ್ರೀ."

"ಇನ್ನೊಂದೇ ಗಂಟೆ ಕಣೇ. ಇಂಜಿನಿಯರ್ ಬಂದು ನೋಡ್ಕೊಂಡು ಹೋಗ್ಲಿ. ಆಮೇಲೆ ನಾನೇ ಕಿತ್ತಾಕ್ತೀನಿ. ನಿನ್ನಾಣೆ."

ಹೆಂಡತಿಯ ಆಣೆಯಿಟ್ಟು ಹೆಂಡತಿಯ ಉಸಿರನ್ನೇ ಒಂದು ಗಂಟೆ ಮುಂದಕ್ಕೆ ಹಾಕಿದ ಪುಣ್ಯಾತ್ಮ!

ಶಶಿಕುಮಾರ್ ಸಮಯಕ್ಕೆ ಸರಿಯಾಗಿ ಬಂದರು. ಮೂಲೆಯಲ್ಲಿ ಹೊದ್ದು ಮಲಗಿದ್ದ ಹೆಂಡತಿಗೆ ಸ್ವಲ್ಪ ಜ್ವರ ಎಂದ ಧರ್ಮೇಂದ್ರ. ಒಳ್ಳೆಯ ಮನುಷ್ಯ. ಗೋಡೆಯನ್ನು ಬೆರಳ ಗೆಣ್ಣಿನಿಂದ ತಟ್ಟಿದರು, ಅಳೆದರು, ತಲೆಯಾಡಿಸಿದರು. "ಪರವಾಗಿಲ್ಲ ಸರ್, ಆಗುತ್ತೆ ಇದು" ಎಂದರು.

ಹಿಂದಿನಿಂದ ಚಾಪೆಯ ಸದ್ದು ಬಂತು. ಯಮುನಾ ಎರಡೂ ಹಿಮ್ಮಡಿಗಳಿಂದ ನೆಲ ಉಜ್ಜುತ್ತಿದ್ದಳು. ಬಾಯಿ ತೆರೆದಿತ್ತು. ಗಾಳಿ ಒಳಗೆ ಹೋಗುತ್ತಿರಲಿಲ್ಲ.

ಧರ್ಮೇಂದ್ರ ಹಾರೆ ಎತ್ತಿಕೊಂಡ. ಕುಟ್ಟಿದ. ಸಿಮೆಂಟು ಸಿಡಿಯಿತು. ಇನ್ನೊಂದು ಏಟು. ಜಾಲರಿಗೆ ಬೆರಳು ತೂರಿಸಿ ಎಳೆದ. ರಕ್ತ ಬಂತು. ಬಿಡಲಿಲ್ಲ. ಹೊರಗಿಂದ ಲಕ್ಕಣ್ಣ ಕಿರುಚುತ್ತಿದ್ದ.

"ಮೆಲ್ಲುಕೆ! ಸಿಮೆಂಟ್ ಒಂದೇ ಕೀಳಿ! ಮಣ್ಣು ಬೀಳ್ಬಾರ್ದು!"

ಆದರೆ ಗೇಣುದ್ದದ ಮೊಳೆಗಳು ಮಣ್ಣನ್ನು ಬಿಡಲಿಲ್ಲ. ಅಷ್ಟು ಗಟ್ಟಿಯಾಗಿ ಬಡಿಸಿದವನು ಅವನೇ. ಜಾಲರಿಯ ಜೊತೆ ಗೋಡೆಯೇ ಬಂತು. ಬಾಗಿತು. ಬಿರಿಯಿತು. ದಡಾರನೆ ಬಿತ್ತು.

ಹಾಡುಹಗಲೇ ನಡುಮನೆ ಕತ್ತಲಾಯಿತು. ಕಣ್ಣು ಮೂಗೆಲ್ಲ ಮಣ್ಣು. ಆ ಧೂಳಿನ ನಡುವೆ ಯಾರೋ ಉಸಿರೆಳೆದುಕೊಂಡರು. ಉದ್ದದ ಉಸಿರು. ಮುಗಿಯಲೇ ಇಲ್ಲ. ನೂರು ವರ್ಷ ಕಾದವನ ಹಾಗೆ ಎಳೆದ, ಎಳೆದ, ಎಳೆಯುತ್ತಲೇ ಹೋದ.

ಧೂಳು ತೆಳುವಾದಾಗ ಯಮುನಾ ಎದ್ದು ಕೂತಿದ್ದಳು. ತುಟಿ ಕೆಂಪಾಗಿತ್ತು. ಎದೆ ಏರಿಳಿಯುತ್ತಿತ್ತು. ಧರ್ಮೇಂದ್ರ ಖುಷಿಯಿಂದ ಅತ್ತೇಬಿಟ್ಟ.

"ಅಣ್ಣಯ್ಯ ಎಲ್ಲವ್ನೆ?" ಎಂದಳು ಅವಳು. ಗಂಡಸಿನ ದನಿ.

ಬಾಗಿಲಲ್ಲಿ ಲಕ್ಕಣ್ಣ ಹೇಳಬೇಡ ಎಂಬಂತೆ ತಲೆ ಅಲ್ಲಾಡಿಸುತ್ತಿದ್ದ.

"ಸತ್ತೋದ" ಎಂದ ಧರ್ಮೇಂದ್ರ.

"ಅವನ ಮಕ್ಳು ಮೊಮ್ಮಕ್ಳು?"

"ಎಲ್ಲಾ ಹೋದ್ರು. ಒಬ್ರೂ ಇಲ್ಲ."

ಅವಳು ತನ್ನ ಕೆನ್ನೆಯನ್ನು ತಾನೇ ಮುಟ್ಟಿ ನೋಡಿಕೊಂಡಳು. ಯಾರದೋ ಮುಖ ಮುಟ್ಟುವ ಹಾಗೆ. "ಈ ಎಂಗ್ಸು ಯಾರು?"

"ನನ್ನ ಹೆಂಡ್ತಿ. ಬೇರೆ ಊರೋಳು. ಈ ಮನೆಗೂ ಅವಳಿಗೂ ಸಂಬಂಧ ಇಲ್ಲ. ಬಿಟ್ಬಿಡಿ, ಕಾಲಿಗ್ ಬೀಳ್ತೀನಿ."

ಅದು ಅವನನ್ನೇ ನೋಡಿತು. ಬಹಳ ಹೊತ್ತು ನೋಡಿತು. ಆಮೇಲೆ ಅವಳ ಹೆಗಲು ಸಡಿಲಾಯಿತು, ರೆಪ್ಪೆ ಇಳಿಯಿತು. ಮೂಗಿನಿಂದ ಬಿಸಿ ಗಾಳಿ ಸಣ್ಣಗೆ ಹೊರಡತೊಡಗಿತು. ಲಕ್ಕಣ್ಣ ಬಾಗಿಲಲ್ಲೇ ಕೈಮುಗಿದು, "ಓಯ್ತಾ ಅವ್ನೆ, ಸುಮ್ಕಿರಿ" ಎಂದು ಪಿಸುಗುಟ್ಟಿದ.

ಮೂಲೆಯಲ್ಲಿ ಕೆಮ್ಮುತ್ತಿದ್ದ ಶಶಿಕುಮಾರ್ ಮೈಮೇಲಿನ ಮಣ್ಣು ಕೊಡವಿಕೊಂಡು ಎದ್ದರು. ಪಾಪ, ಅವರಿಗೆ ಏನು ಗೊತ್ತು? ಗಾಬರಿಗೆ ಹೆಂಗಸಿನ ಬುದ್ಧಿ ಕಲಕಿದೆ ಎಂದುಕೊಂಡರು. ಸಾಲದ ಅರ್ಜಿಯ ಕಡತ ಎದೆಗವಚಿಕೊಂಡು ಅವಳ ಮುಂದೆ ಕೂತು ಮೃದುವಾಗಿ ಮಾತಾಡಿಸಿದರು.

"ಮೇಡಂ, ನೀವು ಯಮುನಾ. ಇದು ನಿಮ್ಮ ಮುತ್ತಾತ ಕಟ್ಟಿಸಿದ ಮನೆ. ನೋಡಿ, ವಂಶವೃಕ್ಷ ಇಲ್ಲೇ ಇದೆ. ಉಳಿದಿರೋದು ನೀವೊಬ್ರೇ. ನೆನಪಾಯ್ತಾ?"

ಧರ್ಮೇಂದ್ರ ಅವರ ಬಾಯಿ ಮುಚ್ಚಲು ಹಾರಿದ. ತಡವಾಗಿತ್ತು.

ಅವಳ ಕಣ್ಣು ತೆರೆಯಿತು. ಹೊರಟಿದ್ದ ಗಾಳಿ ನಿಂತಿತು. ಅದು ಅವಳ ಅಂಗೈಗಳನ್ನು ಎತ್ತಿ ಹಿಂದೆಮುಂದೆ ತಿರುಗಿಸಿ ನೋಡಿತು.

"ಓ, ಇವ್ಳೇನಾ" ಎಂದಿತು.

ಕೈ ಕುತ್ತಿಗೆಗೆ ಹೋಗಬಹುದೆಂದು ಧರ್ಮೇಂದ್ರ ಅವಳ ಎರಡೂ ಕೈಗಳನ್ನು ಗಟ್ಟಿಯಾಗಿ ಹಿಡಿದುಕೊಂಡ. ಅದಕ್ಕೆ ಕೈಯ ಅಗತ್ಯವೇ ಇರಲಿಲ್ಲ. ಒಳಗಿನಿಂದ ಉಸಿರು ಬಿಗಿ ಹಿಡಿಯಿತು, ಅಷ್ಟೇ. ಅವನು ಅವಳ ಬಾಯಿಗೆ ಬಾಯಿಟ್ಟು ಊದಿದ. ಗಾಳಿ ತಿರುಗಿ ಅವನ ಮುಖಕ್ಕೇ ಬಂತು. ಮತ್ತೆ ಊದಿದ. ಮತ್ತೆ ಬಂತು. ಕೊನೆಯಲ್ಲಿ ಒಂದು ಗಳಿಗೆ ಕಣ್ಣು ಮಾತ್ರ ಅವಳದಾಯಿತು. ಯಮುನಾ ಗಂಡನನ್ನು ಗುರುತಿಸಿದಳು. ಇನ್ನೊಂದೇ ಗಂಟೆ ಎಂದಿದ್ದ ಆ ಬಾಯನ್ನೇ ನೋಡುತ್ತಾ ಹೋಗಿಬಿಟ್ಟಳು.