ಟ್ರಾಲಿಯ ಕೆಳಗೊಂದು ಬಾತುಕೋಳಿ

ಮೂರನೇ ಮಹಡಿಯ ಮೆಟ್ಟಿಲ ತಿರುವಿನಲ್ಲಿ ನನ್ನ ಎಡಗಾಲಿನ ಚಪ್ಪಲಿ ಕಳಚಿಹೋಯಿತು.

ನಿಲ್ಲಲಿಲ್ಲ. ನಿಲ್ಲುವಂತಿರಲಿಲ್ಲ.

ನನ್ನ ಕೈಯಲ್ಲಿ ಅರ್ಧ ಅಂಗೈಯಷ್ಟೇ ಅಗಲದ ರಬ್ಬರ್ ಮಾಸ್ಕ್ ಇತ್ತು. ಎಂಟು ತಿಂಗಳ ಕೂಸಿನ ಮೂಗು-ಬಾಯಿಯ ಮೇಲೆ ಸರಿಯಾಗಿ ಕೂರುವಂಥದ್ದು. ಆ ಆಸ್ಪತ್ರೆಯಲ್ಲೆಲ್ಲ ಅಂಥದ್ದು ಇದ್ದದ್ದು ಅದೊಂದೇ. ಕೂಸು ಎರಡನೇ ಮಹಡಿಯಲ್ಲಿತ್ತು. ಅದರ ಉಸಿರು ನಿಂತಿತ್ತು.

ಮೇಲಿನಿಂದ ಸೂಪರಿಂಟೆಂಡೆಂಟ್ ದನಿ ಬೆನ್ನಟ್ಟಿ ಬಂತು.

"ಮೇಡಂ, ನಿಲ್ಲಿ. ಸೀಲ್ ಒಡೆಯೋಕೆ ನಿಮಗೆ ಅಧಿಕಾರ ಇಲ್ಲ!"

ಅಧಿಕಾರ... ಆ ವಿಚಾರ ಆಮೇಲೆ. ಮೊದಲು ಬೆಳಿಗ್ಗೆ ನಡೆದದ್ದು ಕೇಳಿ.

ನನ್ನ ಕೆಲಸ ಮಕ್ಕಳ ಆಸ್ಪತ್ರೆಗಳ ತಪಾಸಣೆ. ಅದಕ್ಕೂ ಮುಂಚೆ ಇಪ್ಪತ್ತೆರಡು ವರ್ಷ ನರ್ಸ್ ಆಗಿದ್ದೆ. ಮಂಡಿ ಸವೆದ ಮೇಲೆ ಕೈಗೆ ಫೈಲು ಕೊಟ್ಟರು. ಹೋದಲ್ಲೆಲ್ಲ ಒಳ್ಳೆಯ ಕುರ್ಚಿ ಹಾಕುತ್ತಾರೆ, ಬೆನ್ನು ತಿರುಗಿಸಿದರೆ ಬೈಯುತ್ತಾರೆ. ಎರಡೂ ಅಭ್ಯಾಸವಾಗಿದೆ. ನಾನು ಒಂದು ಕಾಗದ ಬರೆದರೆ ಮಕ್ಕಳ ವಿಭಾಗಕ್ಕೆ ಬೀಗ ಬೀಳಬಹುದು. ಹಾಗಾಗಿ ಕುರ್ಚಿಯೂ ಸಿಗುತ್ತದೆ, ಬೈಗುಳವೂ ಸಿಗುತ್ತದೆ.

ಅಲ್ಲಿ ಮಕ್ಕಳ ವಾರ್ಡುಗಳು ಮೂರು. ಎರಡನೇ, ಮೂರನೇ, ನಾಲ್ಕನೇ ಮಹಡಿಗಳಲ್ಲಿ ಒಂದೊಂದು. ಪ್ರತಿ ವಾರ್ಡಿನಲ್ಲೂ ಒಂದು ತುರ್ತು ಟ್ರಾಲಿ ಇರಲೇಬೇಕು. ಕೆಂಪು ಬಣ್ಣದ್ದು. ಒಳಗೆ ಮಕ್ಕಳ ಅಳತೆಯ ಮಾಸ್ಕು, ಉಸಿರು ತುಂಬುವ ಬ್ಯಾಗು, ಕಫ ಎಳೆಯುವ ಕೈಪಂಪು, ಔಷಧಿ. ಪಕ್ಕದಲ್ಲಿ ಆಕ್ಸಿಜನ್ ಸಿಲಿಂಡರ್. ಮಗುವಿನ ಉಸಿರು ನಿಂತರೆ ಒಂದು ನಿಮಿಷದೊಳಗೆ ಅದು ಮಂಚದ ಪಕ್ಕಕ್ಕೆ ಬರಬೇಕು. ಡ್ರಾಯರ್‌ಗಳಿಗೆ ಪ್ಲಾಸ್ಟಿಕ್ ಸೀಲ್ ಹಾಕಿರುತ್ತಾರೆ. ಸೀಲಿನ ನಂಬರ್ ವಾರ್ಡಿನ ರಿಜಿಸ್ಟರ್‌ನಲ್ಲೂ ಇರಬೇಕು. ಎರಡೂ ಹೊಂದಿದರೆ ಟಿಕ್ ಹಾಕಿ ಮುಂದೆ ನಡೆಯುವುದು ನನ್ನ ಕೆಲಸ.

ಎರಡನೇ ಮಹಡಿ. ಹತ್ತು ಗಂಟೆ.

ಅಲ್ಲಿನ ವಾರ್ಡ್ ಸಿಸ್ಟರ್ ನನ್ನ ಕೈಕೆಳಗೇ ಕಲಿತವಳು. ಸೂಜಿ ಹಿಡಿಯಲು ಹೆದರುತ್ತಿದ್ದ ಹುಡುಗಿ, ಈಗ ಮೂವತ್ತು ಮಂಚಗಳ ಯಜಮಾನಿ. ನನ್ನನ್ನು ಇಂದಿಗೂ ಅಕ್ಕ ಎಂದೇ ಕರೆಯುತ್ತಾಳೆ. ಅವತ್ತು ಅಕ್ಕ ಎಂದಳು, ಆದರೆ ಕಣ್ಣು ಕೊಟ್ಟು ಮಾತಾಡಲಿಲ್ಲ. ಕಿಟಕಿ ಪಕ್ಕದ ಮಂಚಕ್ಕೆ ಕರೆದುಕೊಂಡು ಹೋಗಿ ಒಂದು ಹೆಣ್ಣುಕೂಸನ್ನು ತೋರಿಸಿದಳು. ಎಂಟು ತಿಂಗಳು. ಎದೆಯಲ್ಲಿ ಕಫ ಕಟ್ಟಿತ್ತು. ಪಕ್ಕೆಲುಬುಗಳ ನಡುವಿನ ಚರ್ಮ ಒಳಗೆ ಸೆಳೆಯುತ್ತಿತ್ತು. ಪಕ್ಕದಲ್ಲಿ ಅಜ್ಜಿ, ಮೊಮ್ಮಗಳ ಕಾಲುಚೀಲವನ್ನು ಸರಿಪಡಿಸುತ್ತ, ಮತ್ತೆ ಮತ್ತೆ ಅದನ್ನೇ ಸರಿಪಡಿಸುತ್ತ...

ಟ್ರಾಲಿ ಗೋಡೆಯ ಪಕ್ಕ ನಿಂತಿತ್ತು. ಸೀಲ್ ನಂಬರ್ ಹೊಂದಿತು. ಒಳಗಿನ ಸಾಮಾನಿನ ಪಟ್ಟಿಯೂ ಸರಿಯಿತ್ತು.

ಆದರೆ ಚಕ್ರ...

ನಿಂತಲ್ಲೇ ನಿಲ್ಲುವ ಟ್ರಾಲಿಯ ಚಕ್ರದಲ್ಲಿ ಧೂಳು, ಕೂದಲು ಸಿಕ್ಕಿರುತ್ತದೆ. ಇದರ ಚಕ್ರಗಳು ಒಂದು ಬದಿಗೆ ಸವೆದು ಮಿರಿಮಿರಿ ಮಿಂಚುತ್ತಿದ್ದವು. ದಿನಾ ಊರು ಸುತ್ತುವವರ ಚಪ್ಪಲಿಯ ಹಾಗೆ.

ಆಗಷ್ಟೇ ಕೈಗೆ ಪಟ್ಟಿ ಕಟ್ಟಿಸಿಕೊಂಡಿದ್ದ ನಾಲ್ಕು ವರ್ಷದ ಹುಡುಗಿಯೊಬ್ಬಳು ನನ್ನ ಕೈಯ ಹಿಂಬದಿಗೆ ಒಂದು ಸ್ಟಿಕರ್ ಅಂಟಿಸಿದ್ದಳು. ಹಳದಿ ಬಾತುಕೋಳಿ. ಸಿಲಿಂಡರ್ ನೋಡುವ ನೆಪದಲ್ಲಿ ಬಗ್ಗಿದೆ. ಬಾತುಕೋಳಿಯನ್ನು ಕಿತ್ತು ಕೊನೆಯ ಡ್ರಾಯರ್‌ನ ತಳಕ್ಕೆ ಅಂಟಿಸಿದೆ.

ಹೊರಡುವಾಗ ಸಿಸ್ಟರ್ ನನ್ನ ತೋಳು ಹಿಡಿದಳು.

"ಅಕ್ಕಾ, ಇನ್ನೂ ಸ್ವಲ್ಪ ಹೊತ್ತು ಇಲ್ಲೇ ಇರಿ."

"ಯಾಕೆ?"

ಅವಳು ಸೂಪರಿಂಟೆಂಡೆಂಟ್ ಕಡೆ ನೋಡಿದಳು. ಅವರು ಬಾಗಿಲಲ್ಲಿ ನಿಂತು ಗಡಿಯಾರ ನೋಡುತ್ತಿದ್ದರು.

"ಸುಮ್ಮನೆ. ತುಂಬ ದಿನ ಆಯ್ತಲ್ಲ ನೋಡಿ."

ಕೆಲಸ ಮುಗಿಸಿ ಬರ್ತೀನಿ ಎಂದೆ. ಹಳೆಯ ಸಲುಗೆಯಿಂದ ರಿಪೋರ್ಟ್ ಮೆತ್ತಗೆ ಬರೆಸಿಕೊಳ್ಳಲು ನೋಡುತ್ತಿದ್ದಾಳೆ ಎಂದುಕೊಂಡೆ. ಇಷ್ಟು ವರ್ಷ ಹೆಂಗಸರ ನಡುವೆಯೇ ದುಡಿದವಳು ನಾನು. ಒಬ್ಬಳ ಕಣ್ಣಿನಲ್ಲಿದ್ದದ್ದು ಅಳುಕೋ ಬೇಡಿಕೆಯೋ ಎಂದು ಅವತ್ತು ಓದಲಾಗಲಿಲ್ಲ.

ಸೂಪರಿಂಟೆಂಡೆಂಟ್ ನನ್ನನ್ನು ಸುತ್ತುದಾರಿಯಲ್ಲಿ ಕರೆದೊಯ್ದರು. ಕೈ ತೊಳೆಯುವ ಜಾಗ ತೋರಿಸಿದರು. ಬೆಂಕಿ ಆರಿಸುವ ಉಪಕರಣ ತೋರಿಸಿದರು. ಗೋಡೆಗೆ ಹೊಸದಾಗಿ ಬಳಿದ ಬಣ್ಣದ ಬಗ್ಗೆಯೂ ಹೇಳಿದರು. ಮೂರನೇ ಮಹಡಿ ಮುಟ್ಟುವಷ್ಟರಲ್ಲಿ ಹದಿನೈದು ನಿಮಿಷ.

ಅಲ್ಲಿ ಕೆಂಪು ಟ್ರಾಲಿ. ಬೇರೆ ಸೀಲು, ಬೇರೆ ನಂಬರ್. ರಿಜಿಸ್ಟರ್‌ನಲ್ಲೂ ಅದೇ ನಂಬರ್.

ಬಗ್ಗಿ ನೋಡಿದೆ.

ಬಾತುಕೋಳಿ ನನ್ನನ್ನೇ ನೋಡುತ್ತಿತ್ತು.

ಮೂರು ವಾರ್ಡಿಗೆ ಇದ್ದದ್ದು ಒಂದೇ ಟ್ರಾಲಿ. ಅದು ನನಗಿಂತ ಮುಂದೆ ಲಿಫ್ಟಿನಲ್ಲಿ ಹೋಗಿ, ಸೀಲು ಬದಲಾಯಿಸಿಕೊಂಡು, ನನಗಾಗಿ ಕಾಯುತ್ತಿತ್ತು.

ಆಗಲೇ ಹೇಳಬೇಕಿತ್ತು. ಇದನ್ನು ಕೆಳಗೆ ಕಳಿಸಿ ಎನ್ನಬೇಕಿತ್ತು.

ಹೇಳಲಿಲ್ಲ.

ಎರಡು ಕಡೆ ಕಂಡದ್ದನ್ನು ಇವರು ಅಲ್ಲಗಳೆಯುತ್ತಾರೆ, ರಿಪೇರಿಗೆ ತಂದಿದ್ದೆವು ಎನ್ನುತ್ತಾರೆ. ಮೂರನೇ ಕಡೆಯೂ ಸಿಕ್ಕಿಬೀಳಲಿ, ಸಾಕ್ಷಿ ಗಟ್ಟಿಯಾಗಲಿ... ಹೀಗೆ ಲೆಕ್ಕ ಹಾಕಿದೆ. ಟೀ ಕುಡಿಯೋಣ ಬನ್ನಿ ಎಂದು ಅವರು ಕರೆದಾಗ ನಾನೂ ಹೂಂ ಎಂದೆ. ಟ್ರಾಲಿ ನಾಲ್ಕನೇ ಮಹಡಿಗೆ ಹೋಗಲು ಸಮಯ ಬೇಕಿತ್ತು. ನಾನು ಕೊಟ್ಟೆ.

ಟೀ ಚೆನ್ನಾಗಿತ್ತು. ಅದೂ ನೆನಪಿದೆ.

ಅವರು ತಟ್ಟೆ ಮುಂದೆ ಸರಿಸಿದರು.

"ಹಿಂದಿನ ಇನ್‌ಸ್ಪೆಕ್ಟರ್ ತುಂಬ ಸ್ಟ್ರಿಕ್ಟ್ ಮೇಡಂ. ಈಗ ಗೋಡೌನ್‌ನಲ್ಲಿ ಹಾಸಿಗೆ ಎಣಿಸ್ತಿದಾರಂತೆ. ಬಿಸ್ಕತ್ತು ತಗೊಳ್ಳಿ."

ತೆಗೆದುಕೊಂಡೆ.

ನಾಲ್ಕನೇ ಮಹಡಿಯ ಬಾಗಿಲಿಗೆ ಬಂದಾಗ ಅವರ ಫೋನು ಗುಂಯ್ಗುಟ್ಟಿತು. ನೋಡಿದರು. ಮುಖ ಬಿಳಿಚಿತು. ಅಷ್ಟರಲ್ಲಿ ತಲೆಯ ಮೇಲಿನ ಸ್ಪೀಕರ್ ಕರೆಯಿತು. ಎರಡನೇ ಮಹಡಿ, ಮಕ್ಕಳ ವಾರ್ಡು, ತುರ್ತು. ಎರಡನೇ ಮಹಡಿ, ತುರ್ತು.

"ಡ್ರಿಲ್ ಮೇಡಂ. ಪ್ರತಿ ತಿಂಗಳು ಅಭ್ಯಾಸ ಮಾಡಿಸ್ತೀವಿ."

ಡ್ರಿಲ್‌ನಲ್ಲಿ ಕರೆಯುವವರ ದನಿ ನಡುಗುವುದಿಲ್ಲ.

ಬಾಗಿಲು ತಳ್ಳಿದೆ. ಟ್ರಾಲಿ ಅಲ್ಲಿತ್ತು. ಅದನ್ನು ಬೆಳಿಗ್ಗೆಯಿಂದ ತಳ್ಳುತ್ತಿದ್ದ ಅಟೆಂಡರ್ ಪಕ್ಕದಲ್ಲಿ ಬೆವರು ಒರೆಸಿಕೊಳ್ಳುತ್ತಿದ್ದ. ನಿವೃತ್ತಿಗೆ ಒಂದು ವರ್ಷ ಉಳಿದಿದ್ದ, ದೊಡ್ಡ ಮೈಯ ಮನುಷ್ಯ. ನಿಧಾನಕ್ಕೆ ನಡೆಯುತ್ತಾನೆಂದು ಎಲ್ಲರೂ ಅವನನ್ನು ಗೂಡ್ಸ್ ಗಾಡಿ ಎನ್ನುತ್ತಿದ್ದರು.

ಸೂಪರಿಂಟೆಂಡೆಂಟ್ ಓಡಿಬಂದು ಟ್ರಾಲಿಯ ಮೇಲೆ ಕೈಯಿಟ್ಟರು.

"ಇದು ಈ ವಾರ್ಡಿಂದು. ಕೆಳಗೆ ಅವರದ್ದು ಇದೆ."

"ಇಲ್ಲ."

"ನಿಮಗೆ ಯಾರು ಹೇಳಿದ್ದು?"

"ಬಾತುಕೋಳಿ."

ಸೀಲು ಹಿಡಿದು ಎಳೆದೆ. ಫಟ್ ಎಂದು ತುಂಡಾಯಿತು. ಮಾಸ್ಕು, ಬ್ಯಾಗು, ಕೈಪಂಪು ಬಾಚಿಕೊಂಡೆ. ಲಿಫ್ಟಿನ ಕಡೆ ತಿರುಗಿದೆ. ಗೂಡ್ಸ್ ಗಾಡಿ ಅಡ್ಡ ಬಂದ.

"ಲಿಫ್ಟ್ ಬರೋಕೆ ಮೂರು ನಿಮಿಷ ಬೇಕಮ್ಮಾ. ಬೆಳಿಗ್ಗೆಯಿಂದ ಅದೇ ನನ್ನ ಕೆಲಸ, ನನಗೆ ಗೊತ್ತು. ಮೆಟ್ಟಿಲಲ್ಲಿ ನಡೀರಿ."

ಸಿಲಿಂಡರನ್ನು ಕಿತ್ತು ಹೆಗಲಿಗೆ ಹಾಕಿಕೊಂಡ. ಓಡಿದೆವು.

ಚಪ್ಪಲಿ ಹೋದದ್ದು ಆಗ.

ಎರಡನೇ ಮಹಡಿಯ ಕಬ್ಬಿಣದ ಬಾಗಿಲಲ್ಲಿ ಸೆಕ್ಯೂರಿಟಿಯವನು ಕೈ ಚಾಚಿ ನಿಂತಿದ್ದ. ಮೇಲಿನಿಂದ ಫೋನು ಬಂದಿತ್ತು. ಯಾರನ್ನೂ ಬಿಡಬೇಡಿ ಎಂದಿದ್ದಾರೆ ಎಂದು ಶುರು ಮಾಡಿದ. ನನ್ನ ಹಿಂದಿನ ಹೆಜ್ಜೆಗಳು ನಿಧಾನಿಸಲಿಲ್ಲ.

"ಸರ್ಕೊಳಪ್ಪಾ," ಎಂದ ಗೂಡ್ಸ್ ಗಾಡಿ. "ಇದಕ್ಕೆ ಬ್ರೇಕ್ ಇಲ್ಲ."

ಸೆಕ್ಯೂರಿಟಿಯವನು ಗೋಡೆಗೆ ಅಂಟಿಕೊಂಡ.

ಕಿಟಕಿ ಪಕ್ಕದ ಮಂಚ. ಸಿಸ್ಟರ್ ಕೂಸಿನ ಮೂಗು-ಬಾಯಿಯ ಮೇಲೆ ತನ್ನ ಬಾಯಿಟ್ಟು ಊದುತ್ತಿದ್ದಳು. ಎದೆ ಏಳುತ್ತಿರಲಿಲ್ಲ. ಕೂಸಿನ ತುಟಿ ನೇರಳೆಗೆ ತಿರುಗಿತ್ತು. ಅಜ್ಜಿ ಕೈಯಲ್ಲಿ ಒಂದು ಕಾಲುಚೀಲ ಹಿಡಿದು ನಿಂತಿದ್ದಳು.

ಪಂಪಿನ ಕೊಳವೆ ಇಳಿಸಿ ಎಳೆದೆ. ಬರಲಿಲ್ಲ. ಮತ್ತೆ ಎಳೆದೆ. ಅಂಟಿನಂಥ ಕಫದ ಗಂಟು ಬಂತು. ಸಿಸ್ಟರ್ ಮಾಸ್ಕ್ ಇಟ್ಟಳು. ನಾನು ಬ್ಯಾಗ್ ಒತ್ತಿದೆ. ಗೂಡ್ಸ್ ಗಾಡಿ ಆಕ್ಸಿಜನ್ ತಿರುಗಿಸಿದ.

ಒಂದು... ಎರಡು... ಮೂರು...

ಎದೆ ಎದ್ದಿತು. ಇಳಿಯಿತು. ಎದ್ದಿತು.

ಹನ್ನೊಂದನೇ ಸಲ ಒತ್ತುವಾಗ ಕೂಸು ನನ್ನ ಕೈಯನ್ನು ಒದೆಯಿತು. ಆಮೇಲೆ ಅತ್ತಿತು. ಬೆಕ್ಕಿನ ಮರಿಯಷ್ಟು ಸಣ್ಣ ದನಿ. ಇಷ್ಟು ವರ್ಷದಲ್ಲಿ ಕೇಳಿದ ಅಳುಗಳಲ್ಲೆಲ್ಲ ನನಗೆ ನೆನಪಿರುವುದು ಅದೊಂದು.

ಡಾಕ್ಟರು ಬಂದು ಕೂಸನ್ನು ವಹಿಸಿಕೊಂಡರು. ಬದುಕುತ್ತೆ ಎಂದರು. ಅಜ್ಜಿ ಆಗ ಕಾಲುಚೀಲ ಹಾಕಿದಳು.

ಕೈ ತೊಳೆಯುತ್ತಿದ್ದಾಗ ಸಿಸ್ಟರ್ ಪಕ್ಕಕ್ಕೆ ಬಂದು ನಿಂತಳು. ವರ್ಷದಿಂದ ಬರೆದು ಬರೆದು ಸಾಕಾಯಿತು, ಹೊಸ ಟ್ರಾಲಿ ಬರಲೇ ಇಲ್ಲ ಎಂದಳು. ಬಾಯಿ ಬಿಟ್ಟರೆ ಕೆಲಸ ಹೋಗುತ್ತದೆ ಎಂದಿದ್ದರಂತೆ. ಆಮೇಲೆ ನಲ್ಲಿಯನ್ನೇ ನೋಡುತ್ತ ಹೇಳಿದಳು.

"ಇನ್ನೂ ಸ್ವಲ್ಪ ಹೊತ್ತು ಇರಿ ಅಂದೆನಲ್ಲ ಅಕ್ಕಾ. ನೀವು ಇದ್ದಷ್ಟು ಹೊತ್ತು ಟ್ರಾಲಿನೂ ಇರ್ತಿತ್ತು."

ನೀರು ಹರಿಯುತ್ತಲೇ ಇತ್ತು. ನಿಲ್ಲಿಸಲು ನನಗೆ ತೋಚಲಿಲ್ಲ. ಅವಳೇ ನಿಲ್ಲಿಸಿದಳು.

ಮಧ್ಯಾಹ್ನ ಸೂಪರಿಂಟೆಂಡೆಂಟ್ ಕೋಣೆ. ನನ್ನ ಕಾಲಲ್ಲಿ ಒಂದೇ ಚಪ್ಪಲಿ. ಅವರು ಬಾಗಿಲು ಹಾಕಿ, ನಿಧಾನವಾಗಿ ಕೂತರು. ಈಗ ಅವರಿಗೆ ಅಂಜಿಕೆಯಿರಲಿಲ್ಲ.

"ಮೂರನೇ ಮಹಡಿಯಲ್ಲಿ ನೀವು ಬಗ್ಗಿ ನೋಡಿದ್ದನ್ನ ನಾನೂ ನೋಡಿದೆ. ಆಗಲೇ ಗೊತ್ತಾಗಿತ್ತಲ್ಲ ನಿಮಗೆ?"

ನಾನು ಫೈಲು ಬಿಚ್ಚಿದೆ.

"ಆಮೇಲೆ ನನ್ನ ಜೊತೆ ಕೂತು ಟೀ ಕುಡಿದ್ರಿ. ಹದಿನಾಲ್ಕು ನಿಮಿಷ. ನಂದು ಬರೆದ್ರೆ, ನಿಮ್ಮದು ನಾನು ಬರೀತೀನಿ. ಮಗು ಉಳೀತಲ್ಲ ಮೇಡಂ. ಇಬ್ಬರೂ ಮನೆಗೆ ಹೋಗೋಣ."

ಅವರು ಹೇಳಿದ್ದರಲ್ಲಿ ಸುಳ್ಳು ಒಂದಕ್ಷರವೂ ಇರಲಿಲ್ಲ. ನನಗೆ ನೋವಾದದ್ದು ಅದೇ. ಅವರು ನನಗೆ ತೋರಿಸಲು ಟ್ರಾಲಿ ಓಡಿಸಿದರು. ನಾನು ಅವರನ್ನು ಹಿಡಿಯಲು ಅದನ್ನು ಓಡಲು ಬಿಟ್ಟೆ. ನಮ್ಮಿಬ್ಬರ ಆಟದಲ್ಲಿ ಕಿಟಕಿ ಪಕ್ಕದ ಮಂಚವನ್ನು ಇಬ್ಬರೂ ಮರೆತಿದ್ದೆವು.

ಪೆನ್ನು ತೆಗೆದೆ. ಮೊದಲ ಪುಟದಲ್ಲಿ ನನ್ನ ಹೆಸರು ಬರೆದೆ. ಎಷ್ಟು ಗಂಟೆಗೆ ಗೊತ್ತಾಯಿತು, ಎಷ್ಟು ಹೊತ್ತು ಸುಮ್ಮನಿದ್ದೆ, ಯಾಕೆ. ಟೀ ವಿಚಾರವನ್ನೂ ಬಿಡಲಿಲ್ಲ. ಓದಿ ಹೇಳಿದೆ. ಅವರ ಮುಖ ಮತ್ತೆ ಬಿಳಿಚಿತು.

"ಎರಡನೇ ಪುಟ ನಿಮ್ಮದು," ಎಂದೆ. "ಇನಿಷಿಯಲ್ ಸರಿಯಾಗಿ ಹೇಳಿ ಸರ್."

ಇದಾಗಿ ಐದು ತಿಂಗಳು. ಈಗ ನಾನೂ ಗೋಡೌನ್‌ನಲ್ಲಿ ಹಾಸಿಗೆ ಎಣಿಸುತ್ತೇನೆ. ಹಿಂದಿನ ಇನ್‌ಸ್ಪೆಕ್ಟರ್ ಪಕ್ಕದ ಮೇಜಿನಲ್ಲಿದ್ದಾರೆ. ಒಳ್ಳೆಯ ಮನುಷ್ಯ, ಲೆಕ್ಕ ತಪ್ಪುವುದಿಲ್ಲ. ಆ ಆಸ್ಪತ್ರೆಗೆ ಮೂರು ಹೊಸ ಕೆಂಪು ಟ್ರಾಲಿಗಳು ಹೋದದ್ದು ಇಲ್ಲಿಂದಲೇ. ಕಳಿಸುವ ಮುಂಚೆ ಒಂದೊಂದರ ತಳಕ್ಕೂ ಬೇರೆ ಬೇರೆ ಸ್ಟಿಕರ್ ಅಂಟಿಸಿದೆ. ಯಾವುದಕ್ಕೆ ಯಾವುದು ಎಂದು ಸಿಸ್ಟರ್‌ಗೆ ಮಾತ್ರ ಹೇಳಿದ್ದೇನೆ. ನಿಮಗೂ ಹೇಳುವುದಿಲ್ಲ.

ನಮ್ಮ ಕೋಣೆಯಲ್ಲಿ ಮೂರನೇ ಮೇಜೊಂದು ಖಾಲಿಯಿತ್ತು. ಹೋದ ಸೋಮವಾರ ಅದಕ್ಕೂ ಜನ ಬಂದರು. ಟ್ರಾನ್ಸ್‌ಫರ್ ಕಾಗದ ಹಿಡಿದು ಬಾಗಿಲಲ್ಲಿ ನಿಂತವರನ್ನು ನೋಡಿ ನಾನೇ ಎದ್ದು ಕುರ್ಚಿ ಒರೆಸಿ ಹಾಕಿದೆ.

"ಬನ್ನಿ ಸರ್," ಎಂದೆ. "ಬಿಸ್ಕತ್ತು ತಗೊಳ್ಳಿ."