ಮೂರನೇ ಕಾಪಿ

ಭೂಮಿ ಮೊದಲ ಸಲ ನಡುಗಿದಾಗ ವೆಂಕಟಲಕ್ಷ್ಮಮ್ಮ ಹೆದರಲೇ ಇಲ್ಲ. ಸ್ಟವ್ ಮೇಲಿದ್ದ ಹಾಲಿನ ಪಾತ್ರೆಯನ್ನು ಸೆರಗಿನಿಂದ ಗಟ್ಟಿಯಾಗಿ ಹಿಡಿದುಕೊಂಡು, "ಸೆಕೆಂಡ್ ಶಿಫ್ಟ್ ಶುರುವಾಯ್ತು ನೋಡೇ ರಂಜನಿ, ನಿಮ್ಮಪ್ಪಂಗೆ ಕಾಫಿ..." ಎಂದವರು ಅಲ್ಲಿಗೇ ನಿಲ್ಲಿಸಿದರು.

ಅವರದೇನೂ ತಪ್ಪಿಲ್ಲ. ಪೀಣ್ಯದ ಆ ಬೀದಿಯಲ್ಲಿ ಹಳಬರೆಲ್ಲ ಅದೇ ತಪ್ಪು ಮಾಡಿದರು. ಹಿಂದಿನ ರಸ್ತೆಯಲ್ಲಿ ಒಂದು ಕಾಲಕ್ಕೆ ಫೋರ್ಜಿಂಗ್ ಕಾರ್ಖಾನೆ ಇತ್ತು. ಕೆಂಪಗೆ ಕಾದ ಕಬ್ಬಿಣದ ಮೇಲೆ ಅಲ್ಲಿನ ದೊಡ್ಡ ಹ್ಯಾಮರ್ ಬಿದ್ದಾಗಲೆಲ್ಲ ಮನೆಮನೆಯ ಪಾತ್ರೆಪಗಡೆ ಝಣಗುಟ್ಟುತ್ತಿತ್ತು, ದೇವರ ಪಟ ಸೊಟ್ಟಗಾಗುತ್ತಿತ್ತು. ಕೈ ತಾನಾಗಿ ಪಾತ್ರೆಗೆ ಹೋಗುತ್ತಿತ್ತು. ಕಾರ್ಖಾನೆ ಮುಚ್ಚಿ, ಆ ಜಾಗದಲ್ಲಿ ಅಪಾರ್ಟ್‌ಮೆಂಟ್ ಎದ್ದು ಎಷ್ಟೋ ವರ್ಷವಾಗಿತ್ತು. ಕಾಫಿ ಕುಡಿಯಬೇಕಾದ ಮನುಷ್ಯ ಅದಕ್ಕೂ ಮೊದಲೇ ಹೋಗಿದ್ದರು.

ಹಾಗಾದರೆ ಇದೇನು ಅಲ್ಲಾಡುತ್ತಿರುವುದು ಎಂದು ತಾಯಿ ಮಗಳು ಮುಖ ಮುಖ ನೋಡಿಕೊಳ್ಳುವಷ್ಟರಲ್ಲಿ ಪಕ್ಕದ ಮನೆಯ ಮುನಿಯಕ್ಕ ಗೇಟು ಬಡಿದಳು. "ಭೂಕಂಪ ಕಣವ್ವ, ಟೀವಿನಾಗೆ ಬತ್ತಾ ಐತೆ. ಒಳಗೆ ಇರಬ್ಯಾಡಿ, ಈಚೆ ಬನ್ನಿ."

ದೊಡ್ಡ ಅನಾಹುತವೇನೂ ಆಗಲಿಲ್ಲ. ಮುನಿಯಕ್ಕನ ಗೋಡೆ ಒಂದು ಕಡೆ ಬಿರುಕು ಬಿಟ್ಟಿತು, ಬೀದಿಯವರೆಲ್ಲ ಕುರ್ಚಿ ತಂದು ರಸ್ತೆಯಲ್ಲಿ ಕೂತರು. ರಂಜನಿಯ ಮನೆಯಲ್ಲಿ ಮಾತ್ರ ಮೇಜಿನ ಪಕ್ಕದಲ್ಲಿ ನಿಲ್ಲಿಸಿದ್ದ ಸಿಪಿಯು ದಬಾರನೆ ಉರುಳಿಬಿದ್ದಿತ್ತು. ಎತ್ತಿ ನಿಲ್ಲಿಸಿ ಆನ್ ಮಾಡಿದರೆ ಒಳಗಿಂದ ಟಿಕ್ ಟಿಕ್ ಎಂದು ಸದ್ದು. ಅವಳು ಗಾಬರಿಯಿಂದ ಸ್ವಿಚ್ ಆಫ್ ಮಾಡಿದಳು.

ಯಾಕೆಂದರೆ ಅವಳ ಅನ್ನ ಇದ್ದದ್ದು ಆ ಡಬ್ಬಿಯಲ್ಲಿ. ಪೀಣ್ಯದ ಸಣ್ಣ ಪುಟ್ಟ ವರ್ಕ್‌ಶಾಪ್‌ಗಳಿಗೆ ಮನೆಯಿಂದಲೇ ಡ್ರಾಯಿಂಗ್ ಮಾಡಿಕೊಡುವವಳು ಅವಳು. ಗೇರು, ಬುಷ್ಷು, ಡೈ, ಮಷೀನಿನ ಭಾಗ ಯಾವುದು ಬೇಕಾದರೂ ಅವಳ ಸ್ಕ್ರೀನಿನಲ್ಲಿ ಹುಟ್ಟಿ ಆಮೇಲೆ ಲೇತ್‌ಗೆ ಹೋಗಬೇಕು. ಇಷ್ಟು ವರ್ಷಗಳ ಕೆಲಸಕ್ಕೆ ಒಂದೇ ಒಂದು ಬ್ಯಾಕಪ್ ಇರಲಿಲ್ಲ. ನಾಳೆ ಮಾಡೋಣ, ನಾಳೆ ಮಾಡೋಣ ಎಂದು ದೂಡಿಕೊಂಡು ಬಂದಿದ್ದಳು. ದೂಡುವುದರಲ್ಲಿ ಅವಳನ್ನು ಮೀರಿಸುವವರಿಲ್ಲ.

ಅವಳು ಫೋನ್ ಮಾಡಿದ್ದು ಜಯಸಿಂಹನಿಗೆ. ಎರಡು ಕ್ರಾಸ್ ಆಚೆ ಅವನದೊಂದು ಮಷೀನ್ ಶಾಪ್, ಕಂಪ್ಯೂಟರ್ ಕೂಡ ಚೆನ್ನಾಗಿ ಬಲ್ಲ, ಹತ್ತಿರದಲ್ಲೇ ಇದ್ದಾನೆ, ಅದಕ್ಕೇ ಮಾಡಿದೆ ಎಂದು ತನಗೆ ತಾನೇ ಹೇಳಿಕೊಂಡಳು. ಪೀಣ್ಯದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿಗಳಿಗೇನು ಬರವೇ? ಇರಲಿ, ಅವಳ ಸಮಾಧಾನ ಅವಳಿಗೆ.

ಜಯಸಿಂಹನ ತಂದೆ ಆ ದೊಡ್ಡ ಹ್ಯಾಮರ್ ನಡೆಸುತ್ತಿದ್ದವರು, ರಂಜನಿಯ ತಂದೆ ಅದೇ ಕಾರ್ಖಾನೆಯ ಸ್ಟೋರ್ಸ್‌ನಲ್ಲಿದ್ದವರು. ಮಕ್ಕಳಿಬ್ಬರೂ ಒಂದೇ ಬೀದಿಯಲ್ಲಿ ಬೆಳೆದು ಒಂದೇ ಬಸ್ಸಿನಲ್ಲಿ ಡಿಪ್ಲೊಮಾಗೆ ಹೋದರು. ಓದು ಮುಗಿದ ವರ್ಷ, ಜಾಲಹಳ್ಳಿ ಕ್ರಾಸಿನ ಬಸ್ ಸ್ಟಾಪಿನಲ್ಲಿ, ಮೂರು ಬಸ್ಸು ಬಿಟ್ಟ ಮೇಲೆ ಅವನು ಕೇಳಿದ್ದ, "ನನ್ನ ಮದ್ವೆ ಆಗ್ತೀಯಾ?" ಆ ತಿಂಗಳಷ್ಟೇ ಅವಳ ಅಪ್ಪನಿಗೆ ಪಾರ್ಶ್ವವಾಯು ಹೊಡೆದಿತ್ತು. "ಸ್ವಲ್ಪ ದಿನ ತಡಿ ಜಯಸಿಂಹ" ಎಂದಿದ್ದಳು. "ಆಯ್ತು" ಎಂದಿದ್ದ.

ಆಸಾಮಿ ಎಷ್ಟು ಒಳ್ಳೆಯವನೆಂದರೆ, ಇನ್ನೊಂದು ಸಲ ಕೇಳಲೇ ಇಲ್ಲ. ಅವನು ಕೇಳಲಿ ಎಂದು ಅವಳು ಕಾದಳು. ಅಪ್ಪ ಹೋದರು, ನೋಡಲು ಬಂದ ಗಂಡುಗಳು ಬಂದು ಹೋದವು, ಕೂದಲು ಅಲ್ಲಲ್ಲಿ ಬೆಳ್ಳಗಾಯಿತು. ಅವನೂ ಮದುವೆಯಾಗಲಿಲ್ಲ. ಈಗ ಇಬ್ಬರ ನಡುವಿನ ಮಾತೆಂದರೆ ತೂತಿನ ಬೋರ್ ಎಷ್ಟು, ಅಳತೆಯಲ್ಲಿ ಹೆಚ್ಚುಕಮ್ಮಿಗೆ ಬಿಡುವ ಟಾಲರೆನ್ಸ್ ಎಷ್ಟು, ಡ್ರಾಯಿಂಗ್ ಯಾವಾಗ. ಈಗ ಅದೂ ಮುಗಿಯುವುದರಲ್ಲಿತ್ತು. ಅವನ ಶೆಡ್ಡಿನ ಮಾಲೀಕರು ಜಾಗ ಮಾರಿದ್ದರು. ಸಿದ್ರಾಮ ಎಂಬ ಗೆಳೆಯ ಹುಬ್ಬಳ್ಳಿಗೆ ಬಾ, ಜೊತೆಯಲ್ಲಿ ಮಾಡೋಣ ಎಂದು ಕರೆದಿದ್ದ. ಬರುವ ಭಾನುವಾರ ಮಷೀನುಗಳ ಲಾರಿ ಹೊರಡುವುದಿತ್ತು.

ಫೋನಿಟ್ಟ ಹತ್ತೇ ನಿಮಿಷಕ್ಕೆ ಜಯಸಿಂಹ ಬಂದ. ಟವಲಿನಲ್ಲಿ ಸುತ್ತಿದ ಹೊಸ ಹಾರ್ಡ್ ಡಿಸ್ಕನ್ನು ಎಳೆಗೂಸಿನಂತೆ ಎರಡೂ ಕೈಯಲ್ಲಿ ಹಿಡಿದಿದ್ದ.

"ಆಫ್ ಮಾಡಿದೀಯ ತಾನೇ?"

"ಮಾಡಿದೀನಿ. ಎಲ್ಲಾ ಹೋಯ್ತಾ?"

"ಹೋಗಿಲ್ಲ ಅನ್ಸತ್ತೆ. ಸದ್ದು ಬರ್ತಿರೋ ಡಿಸ್ಕ್‌ನ ಪದೇ ಪದೇ ಆನ್ ಮಾಡ್ಬಾರ್ದು. ಒಂದೇ ಸಲ ಆನ್ ಮಾಡೋಣ, ಮುಖ್ಯವಾಗಿದ್ದು ಮೊದ್ಲು ತೆಗಿಯೋಣ. ಮತ್ತೆ ಭೂಮಿ ಅಲ್ಲಾಡಿದ್ರೆ ತಕ್ಷಣ ಸ್ವಿಚ್ ಆಫ್. ಗೊತ್ತಾಯ್ತಾ?"

"ಗೊತ್ತಾಯ್ತು ಮೇಷ್ಟ್ರೇ."

ಅವನು ತಿರುಗಿ ನೋಡಿದ. ಬಸ್ಸಿನ ಕಾಲದಲ್ಲಿ ಅವನನ್ನು ಹಾಗೆ ರೇಗಿಸುತ್ತಿದ್ದವಳು ಅವಳೊಬ್ಬಳೇ. ಇಬ್ಬರೂ ಒಂದು ಕ್ಷಣ ಜಾಸ್ತಿಯೇ ನೋಡಿಕೊಂಡರು, ಆಮೇಲೆ ಅವನು ಕೇಬಲ್ ಹುಡುಕಲು ಮೇಜಿನ ಕೆಳಗೆ ಬಗ್ಗಿದ. ಕೇಬಲ್ ಅವನ ಕೈಯಲ್ಲೇ ಇತ್ತು.

ಸಿಪಿಯುವನ್ನು ನೆಲದ ಮೇಲೆ ಮಲಗಿಸಿ, ಕೆಳಗೆ ಕಂಬಳಿ ಮಡಿಸಿಟ್ಟರು. ಅಟ್ಟದ ಮೇಲಿನ ಹಿತ್ತಾಳೆ ಕೊಳಗಗಳನ್ನು ಇಳಿಸಿದರು, ಪುಸ್ತಕದ ಬೀರುವನ್ನು ಗೋಡೆಗೆ ಹಗ್ಗದಿಂದ ಬಿಗಿದರು. ವೆಂಕಟಲಕ್ಷ್ಮಮ್ಮ ಗ್ಯಾಸ್ ಸಿಲಿಂಡರ್ ಬಂದ್ ಮಾಡಿ ಹೊರಗೆ ಮುನಿಯಕ್ಕನ ಪಕ್ಕ ಕುರ್ಚಿ ಹಾಕಿಕೊಂಡರು. ಕಾಪಿ ಶುರುವಾಗಿ ಸ್ಕ್ರೀನಿನಲ್ಲಿ ಹಸಿರು ಪಟ್ಟಿ ಆಮೆಯಂತೆ ತೆವಳತೊಡಗಿತು. ಮುಗಿಯಲು ಒಮ್ಮೆ ನಾಲ್ಕು ಗಂಟೆ ಎಂದಿತು, ಒಮ್ಮೆ ಹದಿನೇಳು ನಿಮಿಷ ಎಂದಿತು, ಮತ್ತೆ ಒಂದು ದಿನ ಎಂದಿತು.

"ಇದರ ಮಾತು ನಂಬೋ ಹಾಗಿಲ್ಲ" ಎಂದಳು ರಂಜನಿ.

"ನಂಬಬೇಡ. ಕೂತಿರೋಣ."

ಸಂಜೆ ಬಿಸಿಲು ಕಿಟಕಿಯಿಂದ ಇಳಿಯುವ ಹೊತ್ತಿಗೆ ನೆಲ ಮತ್ತೆ ಗುಡುಗುಡು ಎಂದಿತು. ಅವನು ಸ್ವಿಚ್ ಆಫ್ ಮಾಡಿದ, ಅವಳು ಅವನ ತೋಳು ಹಿಡಿದೆಳೆದಳು, ಇಬ್ಬರೂ ಮೇಜಿನ ಕೆಳಗೆ ನುಸುಳಿದರು. ಅದು ಕಂಪ್ಯೂಟರ್ ಮೇಜು, ಇಬ್ಬರಿಗಲ್ಲ, ಒಂದೂವರೆ ಮಂದಿಗೂ ಸಾಲದು. ಅವನ ಮೊಣಕಾಲು ಅವಳ ಮೊಣಕಾಲಿಗೆ ತಾಗಿತ್ತು. ಅವನ ಶರ್ಟಿನಿಂದ ಕಟಿಂಗ್ ಆಯಿಲ್ ವಾಸನೆ ಬರುತ್ತಿತ್ತು, ಕಿವಿಯ ಹತ್ತಿರ ನಾಲ್ಕಾರು ಬಿಳಿ ಕೂದಲು. ನಡುಕ ಆಗಲೇ ನಿಂತಿತ್ತು. ಇಬ್ಬರೂ ಈಚೆ ಬರಲಿಲ್ಲ.

"ಹ್ಯಾಮರ್ ನಿಂತ ದಿನ ನೆನಪಿದ್ಯಾ?" ಅವನು ಮೆಲ್ಲಗೆ ಕೇಳಿದ. "ಫ್ಯಾಕ್ಟರಿ ಮುಚ್ಚಿದ್ರಲ್ಲ, ಆವತ್ತು ನಮ್ಮಪ್ಪ ನಿದ್ದೆನೇ ಮಾಡ್ಲಿಲ್ಲ. ಏನೋ ನಿಶ್ಶಬ್ದ ಕಣೋ, ಹಿಂಸೆ ಆಗತ್ತೆ ಅಂತ ಎದ್ದು ಕೂತ್ಬಿಟ್ರು."

"ನಮ್ಮನೇಲೂ ಹಾಗೇ. ಅಮ್ಮ ರೇಡಿಯೋ ಹಾಕ್ಕೊಂಡು ಮಲಗಿದ್ರು. ನಾನು ನಿಮ್ಮನೆ ಕಡೆ ನೋಡಿದೆ, ಲೈಟ್ ಉರೀತಿತ್ತು."

"ನೋಡಿದ್ಯಾ?"

"ಆಗೆಲ್ಲಾ ದಿನಾ ನೋಡ್ತಿದ್ದೆ."

ಹೇಳಿಬಿಟ್ಟ ಮೇಲೆ ಅವಳಿಗೆ ನಾಚಿಕೆಯಾಯಿತು. ತಲೆಯೆತ್ತಿ ಹೊರಡಲು ಹೋಗಿ ಮೇಜಿಗೆ ಢಣಾರನೆ ಹೊಡೆಸಿಕೊಂಡಳು. ಅವನು ನಗು ತಡೆದುಕೊಂಡು ಅವಳ ನೆತ್ತಿ ಉಜ್ಜಿದ. ಆ ಕೈ ಒರಟು. ಆ ಒರಟು ಕೈಯ ನೆನಪಿನಲ್ಲೇ ಅವಳು ಉಳಿದ ಸಂಜೆ ಕಳೆದಳು.

ಮತ್ತೆ ಆನ್ ಮಾಡಿದ ಮೇಲೆ ಮೊದಲ ಕಾಪಿ ಅವತ್ತೇ ಮುಗಿಯಿತು. ಒಂದು ಫೈಲೂ ಹೋಗಿರಲಿಲ್ಲ. ಹಳೇ ಡಿಸ್ಕಿನ ಬದಲು ಅವನೇ ಹೊಸ ಡಿಸ್ಕ್ ಕೂರಿಸಿದ. "ಆದ್ರೆ ಒಂದು ಕಾಪಿ ಸಾಲಲ್ಲ" ಎಂದು ಗಂಭೀರವಾಗಿ ಹೇಳಿ ಮಾರನೆಯ ದಿನವೂ ಬಂದ.

ಎರಡನೇ ಕಾಪಿಗೆ ಯಾರೂ ಕಾವಲು ಕೂರಬೇಕಾಗಿರಲಿಲ್ಲ. ಹಾಕಿ ಬಿಟ್ಟು ಹೋದರೆ ಅದರ ಪಾಡಿಗೆ ಅದು ಮುಗಿಯುತ್ತದೆ. ದಿನವಿಡೀ ಕಂಪ್ಯೂಟರ್ ಮುಂದೆ ಕೂರುವ ರಂಜನಿಗೆ ಇದು ತಿಳಿಯದೇ? ಅವಳು ಬಾಯಿ ಬಿಡಲಿಲ್ಲ. ಅವನಿಗೆ ಇಷ್ಟವೆಂದು ಅವರೇಕಾಳು ಉಪ್ಪಿಟ್ಟು ಮಾಡಿದಳು, ಅವನು ಎರಡು ಸಲ ಹಾಕಿಸಿಕೊಂಡ. "ಕ್ಲೌಡ್‌ಗೆ ಹಾಕಿದ್ರೆ ಆಗಲ್ವಾ?" ಎಂದು ಸುಮ್ಮನೆ ಕೆಣಕಿದರೆ, "ನಿಮ್ಮನೆ ನೆಟ್ ತುಂಬಾ ಸ್ಲೋ" ಎಂದು ತಟ್ಟೆ ನೋಡುತ್ತ ಹೇಳಿದ. ನೆಟ್ ಚೆನ್ನಾಗಿಯೇ ಇತ್ತು.

ಗೇಟಿನ ಹತ್ತಿರ ಮುನಿಯಕ್ಕ ಅವಳನ್ನು ಹಿಡಿದುಕೊಂಡಳು. "ಅದೇನವ್ವ, ಆ ವಯ್ಯ ದಿನಾ ಬತ್ತಾನೆ?"

"ಬ್ಯಾಕಪ್ ಮಾಡಕ್ಕೆ ಅಕ್ಕ."

"ಅಂಗಂದ್ರೆ?"

"ಒಂದು ಹಾಳಾದ್ರೆ ಇನ್ನೊಂದಿರ್ಲಿ ಅಂತ ಎತ್ತಿಟ್ಕೊಳ್ಳೋದು."

ಮುನಿಯಕ್ಕ ಎಲೆ ಅಡಿಕೆಯನ್ನು ಇನ್ನೊಂದು ದವಡೆಗೆ ತಳ್ಳಿದಳು. "ಕಂಪ್ಯೂಟ್ರಿಗೆ ಎರಡೆರಡು ಮಾಡ್ಕಂತೀಯ, ನಿಂಗೆ ಅಂತ ಒಂದೂ ಬ್ಯಾಡ್ವೇನವ್ವ?"

ರಂಜನಿ ನಕ್ಕು ಒಳಗೆ ಬಂದಳು. ಬಾತ್‌ರೂಮಿನ ಬಾಗಿಲು ಹಾಕಿಕೊಂಡ ಮೇಲೆ ನಗು ನಿಂತುಹೋಯಿತು.

ಶನಿವಾರದ ಹೊತ್ತಿಗೆ ಭೂಮಿ ತಣ್ಣಗಾಯಿತು. ಹಿಂದಿನ ದಿನ ಎರಡು ಸಲ ಸಣ್ಣಗೆ ಗುಡುಗಿದ್ದೇ ಕೊನೆ. ಬೀದಿಯ ಕುರ್ಚಿಗಳು ಒಂದೊಂದಾಗಿ ಒಳಗೆ ಹೋದವು, ಸದ್ಯ ದೇವರು ದೊಡ್ಡವನು ಎಂದರು ಜನ. ರಂಜನಿ ಮಾತ್ರ ಬೆಳಗಿನಿಂದ ನೆಲಕ್ಕೆ ಕಿವಿಗೊಟ್ಟವಳಂತೆ ಇದ್ದಳು. ಇನ್ನೊಂದೇ ಒಂದು ಸಲ ಅಲ್ಲಾಡಬಾರದೇ, ಯಾರಿಗೂ ಏನೂ ಆಗದ ಹಾಗೆ, ಸುಮ್ಮನೆ ಅವನು ಇನ್ನೊಂದು ದಿನ ನಿಲ್ಲುವಷ್ಟು? ಹಾಗೆ ಅನ್ನಿಸಿದ್ದಕ್ಕೆ ತನ್ನನ್ನೇ ಬೈದುಕೊಂಡಳು. ನಾಳೆ ಬೆಳಗ್ಗೆ ಲಾರಿ. ಈ ಸಲ ಹೋದರೆ ಇವನು ಹೋದ ಹಾಗೇ ಎಂದು ಅವಳಿಗೆ ಸ್ಪಷ್ಟವಾಗಿ ಗೊತ್ತಿತ್ತು.

ಮಧ್ಯಾಹ್ನ ಜಯಸಿಂಹ ಬಂದ, ಕೈಯಲ್ಲಿ ಅದೇ ಟವಲಿನಲ್ಲಿ ಸುತ್ತಿದ ಇನ್ನೊಂದು ಹೊಸ ಡಿಸ್ಕ್.

"ಮೂರನೇ ಕಾಪಿ" ಎಂದ. "ಇದು ನಿಯಮ ಕಣೇ. ಒಂದು ಕಂಪ್ಯೂಟರಲ್ಲಿ, ಒಂದು ಮನೇಲಿ, ಇನ್ನೊಂದು ಬೇರೆ ಊರಲ್ಲಿರ್ಬೇಕು. ಭೂಕಂಪ ಆಗಲಿ, ಬೆಂಕಿ ಬೀಳಲಿ, ಅದು ಉಳ್ಕೊಳ್ಳತ್ತೆ."

"ಬೇರೆ ಊರಲ್ಲಿ ನನಗ್ಯಾರಿದಾರೆ?"

"ನಾನು ತಗೊಂಡೋಗ್ತೀನಿ. ಹುಬ್ಬಳ್ಳಿಗೆ." ಅವನು ಕೇಬಲ್ ಸಿಕ್ಕಿಸುತ್ತ ಹೇಳಿದ. "ಸ್ಟೀಲ್ ಬೀರು ಇದೆ, ಅದರಲ್ಲಿ ಭದ್ರವಾಗಿಟ್ಟಿರ್ತೀನಿ. ನಿನ್ನ ಕೆಲಸ ನನ್ನ ಹತ್ರ ಸೇಫಾಗಿರತ್ತೆ ರಂಜನಿ. ಯಾವಾಗ ಬೇಕಾದ್ರೂ ಫೋನ್ ಮಾಡು, ಕಳಿಸ್ತೀನಿ."

ಅವನ ಮಾತಿನಲ್ಲಿ ಕಪಟವಿರಲಿಲ್ಲ. ತಾನು ಕೊಡಬಹುದಾದ್ದು ಇಷ್ಟೇ ಎಂದು ನಂಬಿ ಅದನ್ನೇ ಪ್ರೀತಿಯಿಂದ ಕೊಡುತ್ತಿದ್ದ. ಅದೇ ಅವಳಿಗೆ ತಡೆಯಲಾಗಲಿಲ್ಲ. ಇಷ್ಟು ವರ್ಷ ಅದುಮಿಟ್ಟದ್ದೆಲ್ಲ ಬಾಯಿಗೆ ಬಂತು.

"ಫೈಲ್ ಎಲ್ಲಾ ತಗೊಂಡೋಗಿ ಬೀರುನಲ್ಲಿ ಇಟ್ಕೊಳ್ತೀಯ. ನನ್ನನ್ನೇನು ಮಾಡ್ತೀಯ?"

ಜಯಸಿಂಹನ ಕೈ ನಿಂತಿತು.

"ಹೇಳೋ. ನಾನು ಮಾಡಿದ ಗೇರು ಬುಷ್ಷಿಗೆಲ್ಲ ನಿನ್ನ ಹತ್ರ ಜಾಗ ಇದೆ. ನನಗಿಲ್ವಾ?"

"ನೀನೇ ತಾನೇ..." ಅವನು ಕೇಬಲ್ ಕೆಳಗಿಟ್ಟು ತಿರುಗಿದ. "ಸ್ವಲ್ಪ ದಿನ ತಡಿ ಅಂದಿದ್ದು ನೀನೇ."

"ತಡಿ ಅಂದಿದ್ದೆ. ಬೇಡ ಅಂದಿರ್ಲಿಲ್ಲ."

"ತಡೆದೆ. ನೀನು ಈಗ ಸರಿ ಅನ್ನೋವರ್ಗೂ ಕೇಳ್ಬಾರ್ದು ಅಂದ್ಕೊಂಡೆ. ನೀನು ಅಪ್ಪನ್ನ ನೋಡ್ಕೋತಿದ್ದೆ, ಆಮೇಲೆ ಆಂಟಿ ಒಬ್ರೇ ಆದ್ರು. ಕೇಳಿದ್ರೆ ನಿನಗೆ ಹಿಂಸೆ ಕೊಟ್ಟ ಹಾಗಾಗತ್ತೆ ಅನ್ನಿಸ್ತು. ಮರ್ತಿರ್ಲಿಲ್ಲ ಕಣೇ. ಒಂದಿನಾನೂ ಮರ್ತಿರ್ಲಿಲ್ಲ."

"ನೀನು ಇನ್ನೊಂದ್ಸಲ ಕೇಳ್ತೀಯ ಅಂತ ನಾನು ಕಾಯ್ತಿದ್ದೆ. ಡ್ರಾಯಿಂಗ್ ತಗೊಳ್ಳಕ್ಕೆ ಬಂದಾಗೆಲ್ಲಾ ಇವತ್ತು ಕೇಳ್ತಾನೆ ಅಂದ್ಕೊಳ್ತಿದ್ದೆ. ನೀನು ಟಾಲರೆನ್ಸ್ ಕೇಳಿ ಹೋಗ್ತಿದ್ದೆ."

ಇಬ್ಬರೂ ಮೀನಮೇಷ ಎಣಿಸುತ್ತ ಕೂತು ಅರ್ಧ ಆಯಸ್ಸನ್ನು ಕೈಯಾರೆ ಕಳೆದುಕೊಂಡಿದ್ದರು, ಬೈಯಲು ಮೂರನೆಯವರೂ ಇರಲಿಲ್ಲ. ಅವನ ಮುಖ ನೋಡಿ ರಂಜನಿಗೆ ಸಂಕಟವಾಯಿತು, ಅಷ್ಟೇ ಸಿಟ್ಟೂ ಬಂತು.

"ಈಗ ಕೇಳ್ತೀಯೋ ಇಲ್ವೋ?"

ಅವನು ಬಾಯಿ ತೆರೆದ. ಟವಲಿನ ಅಂಚು ಮಡಿಸತೊಡಗಿದ.

"ಬಿಡು, ನಾನೇ ಕೇಳ್ತೀನಿ. ಜಯಸಿಂಹ, ನನ್ನ ಮದ್ವೆ ಆಗ್ತೀಯಾ?"

"ಸ್ವಲ್ಪ..." ಎಂದ ಅವನು.

"ಸ್ವಲ್ಪ ದಿನ ತಡಿ ಅಂದ್ರೆ ನೋಡು ಮತ್ತೆ!"

"ಸ್ವಲ್ಪ ನೀರು ಕೊಡು ಅಂತಿದ್ದೆ ಕಣೇ. ಗಂಟಲು ಒಣಗಿದೆ."

ಅವಳು ನೀರು ತಂದಳು. ಅವನು ಗಟಗಟನೆ ಕುಡಿದ, ಲೋಟ ಕೆಳಗಿಟ್ಟ, "ಆಗ್ತೀನಿ" ಎಂದ. "ಹುಬ್ಬಳ್ಳಿ ಬೇಡ ಅಂದ್ರೆ ಈಗ್ಲೇ ಸಿದ್ರಾಮಂಗೆ ಫೋನ್ ಮಾಡ್ತೀನಿ. ಇಲ್ಲೇ ಎಲ್ಲಾದ್ರೂ ಕೆಲ್ಸಕ್ಕೆ ಸೇರ್ಕೊಳ್ತೀನಿ."

"ಯಾಕೆ ಬಿಡ್ತೀಯ? ಸ್ವಂತ ಶಾಪ್ ಮುಚ್ಚಿ ಇನ್ನೊಬ್ರ ಹತ್ರ ಯಾಕೆ ಹೋಗ್ಬೇಕು? ನನ್ನ ಕೆಲ್ಸ ಎಲ್ಲಿ ಕೂತ್ರೂ ಆಗತ್ತೆ. ಅಮ್ಮ ಒಪ್ಪಬೇಕು ಅಷ್ಟೇ. ಅವರನ್ನ ಬಿಟ್ಟು ನಾನು ಬರಲ್ಲ."

"ಆಂಟಿನ ಬಿಟ್ಟು ಬಾ ಅಂತ ಯಾರಂದ್ರು?"

ಆಗಲೇ ಬಾಗಿಲ ಕಡೆಯಿಂದ ಕೆಮ್ಮು ಕೇಳಿಸಿತು. ವೆಂಕಟಲಕ್ಷ್ಮಮ್ಮ ಹೊಸ್ತಿಲಲ್ಲಿ ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ ಅವರನ್ನೇ ಕೇಳಬೇಕು. ಹಿಂದೆ ಮುನಿಯಕ್ಕನ ತಲೆಯೂ ಕಾಣುತ್ತಿತ್ತು.

"ನಾಳೆ ಲಾರಿ ಬರತ್ತಲ್ಲಪ್ಪ ಜಯಸಿಂಹ" ಎಂದರು ವೆಂಕಟಲಕ್ಷ್ಮಮ್ಮ, ಮಾರ್ಕೆಟ್ಟಿನ ವಿಷಯ ಮಾತಾಡುವವರ ಹಾಗೆ. "ಅದರಲ್ಲಿ ನನ್ನ ಹೊಲಿಗೆ ಮೆಷಿನ್‌ಗೆ ಜಾಗ ಆಗತ್ತಾ? ಆಮೇಲೆ ಬೇರೆ ಗಾಡಿ ಮಾಡೋದು ಯಾಕೆ ಅಂತ ಕೇಳ್ದೆ."

ಜಯಸಿಂಹ ಎದ್ದು ನಿಂತ. ಆಗತ್ತೆ ಆಂಟಿ ಎನ್ನಲು ಹೋದ. ಮಾತು ಒಡೆಯಿತು. ಮತ್ತೆ ಕುರ್ಚಿಯಲ್ಲಿ ಕುಸಿದು, ಡಿಸ್ಕ್ ಸುತ್ತಿ ತಂದಿದ್ದ ಟವಲಿನಲ್ಲಿ ಮುಖ ಮುಚ್ಚಿಕೊಂಡು ಚಿಕ್ಕ ಹುಡುಗನಂತೆ ಬಿಕ್ಕಿದ. ರಂಜನಿ ಪಕ್ಕದಲ್ಲಿ ಕೂತು ಅವನ ಬೆನ್ನ ಮೇಲೆ ಕೈಯಿಟ್ಟಳು. ಅಮ್ಮ ನೋಡುತ್ತಿದ್ದರೂ ತೆಗೆಯಲಿಲ್ಲ.